ಆಮ್‌ಸ್ಟರ್‌ಡ್ಯಾಮ್ ನಗರ ಪತ್ರಾಗಾರ: ಪಾಲಿಕೆಯ ಗುಮಾಸ್ತರ ಕೈಬರಹವನ್ನು ಓದುತ್ತ

ಆಮ್‌ಸ್ಟರ್‌ಡ್ಯಾಮಿನ ವೈಜೆಲ್‌ಸ್ಟ್ರಾಟ್ ಬೀದಿಯಲ್ಲಿ ಟ್ರಾಮ್ ಇಳಿದವರಿಗೆ ನಗರ ಪತ್ರಾಗಾರವನ್ನು ಹುಡುಕುವ ಕಷ್ಟವಿಲ್ಲ. ಇಟ್ಟಿಗೆ ಮತ್ತು ಕಲ್ಲಿನ ಪಟ್ಟೆಗಳಾಗಿ ಮೇಲೇರುವ, ಅಕ್ಕಪಕ್ಕದ ಮನೆಗಳನ್ನೆಲ್ಲ ಕುಳ್ಳಗಾಗಿಸುವ ಆ ಕಟ್ಟಡ ಕಾರೆಲ್ ದ ಬಾಜೆಲ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ. 1919ರಿಂದ 1926ರ ನಡುವೆ, ವಸಾಹತುಗಳೊಡನೆ ವ್ಯವಹರಿಸುತ್ತಿದ್ದ ದೊಡ್ಡದೊಂದು ವ್ಯಾಪಾರ ಮತ್ತು ಬ್ಯಾಂಕಿಂಗ್ ಸಂಸ್ಥೆಯ ಕೇಂದ್ರ ಕಚೇರಿಯಾಗಿ ಅದು ಎದ್ದುನಿಂತಿತು. ಒಂದು ಕಾಲಕ್ಕೆ ಹಣ ಮತ್ತು ಪತ್ರಗಳನ್ನು ಕಾಪಾಡುತ್ತಿದ್ದ ನೆಲಮಾಳಿಗೆಯ ಖಜಾನೆಯಲ್ಲಿ ಈಗ ಊರಿನ ಹಳೆಯ ಕಾಗದಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ಪತ್ರಾಗಾರ ಈ ಕಟ್ಟಡಕ್ಕೆ ಬಂದದ್ದು 2007ರಲ್ಲಿ. ಕಡತಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದರೆ ಸುಮಾರು 50 ಕಿಲೋಮೀಟರ್ ಉದ್ದವಾಗುವಷ್ಟು ದೊಡ್ಡ ಸಂಗ್ರಹ ಇದರದು.

ಆ 50 ಕಿಲೋಮೀಟರಿನಲ್ಲಿ ನಾನು ನೋಡಿದ್ದು ಕೆಲವೇ ಗೇಣು. ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ ನೆಲೆಸಿರುವ ನಾನು ಕಳೆದ ಚಳಿಗಾಲದಲ್ಲಿ ನಾಲ್ಕು ಬಾರಿ ಇಲ್ಲಿಗೆ ಹೋಗಿಬಂದೆ. ಉಳಿದದ್ದನ್ನು ಮನೆಯಲ್ಲಿ ಕುಳಿತು ಪತ್ರಾಗಾರದ ಜಾಲತಾಣದಲ್ಲಿ ನೋಡಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಊರಿನ ಯಹೂದಿಗಳ ಬಗ್ಗೆ ಪಾಲಿಕೆ ಏನೇನು ಬರೆದಿಟ್ಟಿತ್ತು ಎಂಬುದಷ್ಟೇ ನನ್ನ ಆಸಕ್ತಿಯಾಗಿತ್ತು, ಈ ವಿಮರ್ಶೆಯೂ ಅಷ್ಟಕ್ಕೇ ಸೀಮಿತ. ಯುದ್ಧಕ್ಕೆ ಮೊದಲು ಈ ಊರಿನಲ್ಲಿ ಸುಮಾರು 80,000 ಯಹೂದಿಗಳಿದ್ದರು, ಅಂದರೆ ಹೆಚ್ಚುಕಡಿಮೆ ಹತ್ತು ಜನರಲ್ಲಿ ಒಬ್ಬರು. ಅವರಲ್ಲಿ 60,000ಕ್ಕೂ ಹೆಚ್ಚು ಮಂದಿ ಕೊಲೆಯಾದರು. ಕೊಂದವರು ಜರ್ಮನರು ಎಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಆದರೆ ಯಾರು ಯಾವ ಬೀದಿಯ ಎಷ್ಟನೇ ಮಹಡಿಯಲ್ಲಿದ್ದಾರೆ ಎಂದು ಆ ಜರ್ಮನರಿಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆಗೆ ಉತ್ತರವಿರುವುದು ಈ ಕಟ್ಟಡದಲ್ಲಿ.

ಮೊದಲು ನೋಡಬೇಕಾದದ್ದು ‘ಆರ್ಕೀಫ್‌ಕಾರ್ಟ್’ ಎಂದು ಕರೆಯುವ ಜನಸಂಖ್ಯಾ ನೋಂದಣಿಯ ಕಾರ್ಡುಗಳನ್ನು. ನೆದರ್ಲೆಂಡ್ಸಿನಲ್ಲಿ 1930ರ ದಶಕದ ಕೊನೆಯಲ್ಲಿ ಪ್ರತಿಯೊಬ್ಬ ನಿವಾಸಿಗೂ ಒಂದು ಕಾರ್ಡ್ ಎಂಬ ಪದ್ಧತಿ ಜಾರಿಗೆ ಬಂತು. ವ್ಯಕ್ತಿ ಸತ್ತರೆ ಅಥವಾ ಊರು ಬಿಟ್ಟರೆ ಪಾಲಿಕೆ ತನ್ನಲ್ಲೇ ಉಳಿಸಿಕೊಳ್ಳುತ್ತಿದ್ದ ಪ್ರತಿಯೇ ಈ ಆರ್ಕೀಫ್‌ಕಾರ್ಟ್. ಜಾಲತಾಣದಲ್ಲಿ ಹೆಸರು ಮತ್ತು ಹುಟ್ಟಿದ ದಿನಾಂಕ ಕೊಟ್ಟು ಹುಡುಕಿದರೆ ಕಾರ್ಡಿನ ಚಿತ್ರ ತೆರೆದುಕೊಳ್ಳುತ್ತದೆ. ನಾನು ಬಹಳ ಹೊತ್ತು ನೋಡುತ್ತ ಕುಳಿತದ್ದು ಒಬ್ಬ ವಜ್ರದ ಕುಶಲಕರ್ಮಿಯ ಕಾರ್ಡನ್ನು. ಹುಟ್ಟಿದ ವರ್ಷ, ತಂದೆತಾಯಿಯ ಹೆಸರು, ಕಸುಬು, ಮದುವೆಯಾದ ದಿನ, ಮಕ್ಕಳು, ಆಮೇಲೆ ಒಂದರ ಕೆಳಗೆ ಒಂದು ಮನೆಯ ವಿಳಾಸಗಳು. ಹಳೆಯ ಯಹೂದಿ ಕೇರಿಯ ಓಣಿಯಿಂದ ಊರಿನ ಪೂರ್ವದ ಹೊಸ ಬಡಾವಣೆಗೆ, ಅಲ್ಲಿಂದ ಎರಡು ಬೀದಿ ಆಚೆಗೆ. ಅವನ ಸಂಸಾರ ಸ್ವಲ್ಪಸ್ವಲ್ಪವೇ ಅನುಕೂಲ ಕಾಣುತ್ತಿದ್ದುದು ಆ ವಿಳಾಸಗಳಲ್ಲೇ ತಿಳಿಯುತ್ತದೆ. ಕೆಲವು ಸಾಲು ಬೆರಳಚ್ಚಿನಲ್ಲಿವೆ, ಕೆಲವು ಶಾಯಿಯಲ್ಲಿವೆ. ಧರ್ಮದ ಕಾಲಮಿನಲ್ಲಿ ‘ಎನ್.ಐ.’ ಎಂಬ ಎರಡು ಅಕ್ಷರಗಳಿವೆ. ನೆದರ್ಲೆಂಡ್ಸಿನ ಇಸ್ರೇಲೀಯ ಸಮುದಾಯಕ್ಕೆ ಸೇರಿದವನು ಎಂದು ಅದರ ಅರ್ಥ. ಪೋರ್ಚುಗಲ್ ಮೂಲದ ಯಹೂದಿಗಳಿಗೆ ‘ಪಿ.ಐ.’ ಎಂದು ಬರೆಯುತ್ತಿದ್ದರು.

ಈ ಎರಡು ಅಕ್ಷರಗಳು ಜರ್ಮನ್ ಸೇನೆ ಬರುವುದಕ್ಕೆ ಮೊದಲೇ ಕಾರ್ಡಿನಲ್ಲಿದ್ದವು. ಇಲ್ಲಿನ ಜನಸಂಖ್ಯಾ ನೋಂದಣಿಯಲ್ಲಿ ಧರ್ಮವನ್ನು ಬರೆದುಕೊಳ್ಳುವುದು 19ನೇ ಶತಮಾನದಿಂದ ನಡೆದುಬಂದ ವಾಡಿಕೆ. ಅದರ ಹಿಂದೆ ದುರುದ್ದೇಶವೇನೂ ಇರಲಿಲ್ಲ, ಕ್ಯಾಥೊಲಿಕ್ ಎಂದೂ ಪ್ರಾಟೆಸ್ಟಂಟ್ ಎಂದೂ ಅದೇ ಕಾಲಮಿನಲ್ಲಿ ಬರೆಯುತ್ತಿದ್ದರು. ನಾನು ಆಮ್‌ಸ್ಟೆಲ್‌ವೇನ್ ಪಾಲಿಕೆಯಲ್ಲಿ ಹೆಸರು ನೋಂದಾಯಿಸಿದ ದಿನ ಜನ್ಮಪತ್ರ, ಮದುವೆಯ ಪತ್ರ, ಮನೆಯ ಕರಾರು ಎಲ್ಲವನ್ನೂ ತಿರುತಿರುಗಿಸಿ ನೋಡಿದ ಗುಮಾಸ್ತೆ ಧರ್ಮವನ್ನು ಮಾತ್ರ ಕೇಳಲಿಲ್ಲ. ನಮ್ಮ ಊರಿನ ಶಾಲಾ ದಾಖಲಾತಿಯಿಂದ ಹಿಡಿದು ಎಲ್ಲ ಅರ್ಜಿಗಳಲ್ಲೂ ಆ ಕಾಲಮನ್ನು ತುಂಬಿ ಅಭ್ಯಾಸವಾಗಿದ್ದ ನನಗೆ ಅಂದು ಅದು ಮರೆತುಹೋದದ್ದಿರಬೇಕು ಅನ್ನಿಸಿತ್ತು.

ವಜ್ರದ ಕೆಲಸಗಾರನ ಕಾರ್ಡಿಗೆ ಮರಳುತ್ತೇನೆ. ವಿಳಾಸಗಳ ಪಟ್ಟಿಯ ಕೊನೆಯಲ್ಲಿ 1942ರ ಒಂದು ದಿನಾಂಕದ ಮುಂದೆ ‘ವಿ.ಓ.ಡಬ್ಲ್ಯೂ.’ ಎಂದಿದೆ. ಡಚ್ ಭಾಷೆಯ ಮೂರು ಪದಗಳ ಮೊದಲಕ್ಷರಗಳು ಇವು. ‘ಎಲ್ಲಿಗೆಂದು ತಿಳಿಯದಂತೆ ಹೊರಟುಹೋದವರು’ ಎಂದು ಅರ್ಥ. ವಿಳಾಸ ತಿಳಿಸದೆ ಊರು ಬಿಟ್ಟ ಸಾಲಗಾರನಿಗೋ ನಾವಿಕನಿಗೋ ಬರೆಯಬೇಕಾದ ಟಿಪ್ಪಣಿಯನ್ನು, ಪಾಲಿಕೆಯದೇ ಪೊಲೀಸರು ಮನೆಯಿಂದ ಕರೆದೊಯ್ದು ಪಾಲಿಕೆಯದೇ ಟ್ರಾಮಿನಲ್ಲಿ ಕೂರಿಸಿ ಕಳಿಸಿದ ಮನುಷ್ಯರ ಕಾರ್ಡುಗಳ ಮೇಲೆ ಪಾಲಿಕೆಯ ಗುಮಾಸ್ತ ಬರೆದ. ಕೆಲವು ಕಾರ್ಡುಗಳಲ್ಲಿ ಇದರ ಬದಲು ‘ವೆಸ್ಟರ್‌ಬೋರ್ಕ್’ (ಯಹೂದಿಗಳನ್ನು ದೇಶದಿಂದ ಹೊರಗೆ ಸಾಗಿಸುವ ಮುನ್ನ ಇರಿಸುತ್ತಿದ್ದ ಶಿಬಿರ) ಅಥವಾ ‘ಜರ್ಮನಿ’ ಎಂದಿರುತ್ತದೆ. ಅದರ ಕೆಳಗೆ ಇನ್ನೊಂದು ಕೈ, ಇನ್ನೊಂದು ಶಾಯಿ, ಯುದ್ಧ ಮುಗಿದು ವರ್ಷಗಳಾದ ಮೇಲೆ ಸಾವಿನ ದಿನವನ್ನು ಸೇರಿಸಿದೆ: ಆಶ್‌ವಿಟ್ಸ್, 30 ಸೆಪ್ಟೆಂಬರ್ 1942. ಮೊದಲ ಬಾರಿಗೆ ನೋಡುವವರು ಈ ದಿನಾಂಕವನ್ನು ಎಚ್ಚರದಿಂದ ಓದಬೇಕು. ಕಣ್ಮರೆಯಾದವರ ಸಾವನ್ನು ಕಾನೂನುಬದ್ಧವಾಗಿ ನೋಂದಾಯಿಸಲು 1949ರಲ್ಲಿ ಒಂದು ಕಾಯಿದೆ ಬಂತು. ನಿಖರವಾದ ದಿನ ಗೊತ್ತಿಲ್ಲದ ಕಡೆ ಅಂದಾಜಿನ ಮೇಲೆ ತಿಂಗಳ ಕೊನೆಯ ದಿನವನ್ನು ಬರೆಯುವುದು ಸಾಮಾನ್ಯವಾಗಿತ್ತು. ಹಾಗಾಗಿ ಸಾವಿರಾರು ಕಾರ್ಡುಗಳಲ್ಲಿ ಸಾವು ತಿಂಗಳ ಕೊನೆಗೇ ಬಂದಿದೆ. ಬದುಕಿನ ಒಂದೊಂದು ಮನೆ ಬದಲಾವಣೆಯನ್ನೂ ದಿನಾಂಕ ಸಮೇತ ಬರೆದಿಟ್ಟ ವ್ಯವಸ್ಥೆಗೆ ಸಾವಿನ ದಿನಾಂಕ ಮಾತ್ರ ಸಿಗಲಿಲ್ಲ.

ಧರ್ಮದ ಕಾಲಮ್ ಇದ್ದರೂ ಆಕ್ರಮಣಕಾರರಿಗೆ ಅದು ಸಾಲಲಿಲ್ಲ. 1941ರ ಜನವರಿ 10ರ ಆದೇಶದ ಪ್ರಕಾರ, ಅಜ್ಜ ಅಜ್ಜಿಯರಲ್ಲಿ ಒಬ್ಬರಾದರೂ ಯಹೂದಿಯಾಗಿದ್ದವರೆಲ್ಲ ತಮ್ಮ ಊರಿನ ಪಾಲಿಕೆಗೆ ತಾವೇ ಹೋಗಿ ಹೆಸರು ಬರೆಸಬೇಕಾಗಿತ್ತು. ಹೀಗೆ ಬರೆಸಿಕೊಳ್ಳುವುದಕ್ಕೆ ಒಂದು ಗಿಲ್ಡರ್ ಶುಲ್ಕ. ದೇಶದಾದ್ಯಂತ ಸುಮಾರು 1,60,000 ಮಂದಿ ನೋಂದಾಯಿಸಿಕೊಂಡರು, ಅವರಲ್ಲಿ ಸುಮಾರು 1,40,000 ಮಂದಿಯನ್ನು ಪೂರ್ಣ ಯಹೂದಿಗಳೆಂದು ಲೆಕ್ಕ ಹಾಕಲಾಯಿತು. ಬಹುತೇಕ ಎಲ್ಲರೂ ಹೋದದ್ದೇಕೆ ಎಂದು ಇಂದು ಕೇಳುವುದು ಸುಲಭ. ಪಾಲಿಕೆಯ ಕಚೇರಿ, ಎಂದಿನ ಕಿಟಕಿ, ಎಂದಿನ ಗುಮಾಸ್ತರು, ರಸೀದಿ ಕೊಡುವ ಶುಲ್ಕ; ಕಂದಾಯ ಕಟ್ಟಲು ಹೋದಂತೆಯೇ ಜನ ಹೋದರು. ದೇಶದ ನೋಂದಣಿ ವ್ಯವಸ್ಥೆಯ ಮುಖ್ಯಾಧಿಕಾರಿಯಾಗಿದ್ದ ಯಾಕೋಬ್ ಲೆಂಟ್ಸ್ ಎಂಬ ಡಚ್ ಅಧಿಕಾರಿ ಅದೇ ಕಾಲಕ್ಕೆ ರೂಪಿಸಿದ ಗುರುತಿನ ಚೀಟಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಜರ್ಮನಿಯ ಸ್ವಂತ ಚೀಟಿಗಿಂತಲೂ ಅದನ್ನು ನಕಲು ಮಾಡುವುದು ಕಷ್ಟವಾಗಿತ್ತು. ಯಹೂದಿಗಳ ಚೀಟಿಗೆ ‘ಜೆ’ ಅಕ್ಷರದ ಮೊಹರು ಬಿತ್ತು.

ಈ ಸಂಗ್ರಹದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಒಂದು ನಕ್ಷೆ. ‘ಪಾಲಿಕೆಯ ವ್ಯಾಪ್ತಿಯಲ್ಲಿ ಯಹೂದಿಗಳ ಹರಡುವಿಕೆ’ ಎಂಬ ತಲೆಬರಹದ, 1941ರ ಮೇ ತಿಂಗಳಿನ ನಕ್ಷೆ ಅದು. ಸಿದ್ಧಪಡಿಸಿದ್ದು ಪಾಲಿಕೆಯ ಅಂಕಿಅಂಶ ಕಚೇರಿ. ಅಂಕಿಗಳು ಬಂದದ್ದು ಮೇಲೆ ಹೇಳಿದ ನೋಂದಣಿಯಿಂದ. ಊರಿನ ಕಾಲುವೆ, ಬೀದಿ, ಚೌಕಗಳ ಮೇಲೆಲ್ಲ ಕಪ್ಪು ಚುಕ್ಕಿಗಳು. ಒಂದು ಚುಕ್ಕಿಗೆ ಹತ್ತು ಯಹೂದಿಗಳು. ವಾಟರ್‌ಲೂ ಚೌಕದ ಸುತ್ತಮುತ್ತ ಚುಕ್ಕಿಗಳು ಎಷ್ಟು ದಟ್ಟವಾಗಿವೆಯೆಂದರೆ ಬೀದಿಗಳು ಕಾಣಿಸುವುದಿಲ್ಲ, ಇರುವೆಗಳು ಮುತ್ತಿಕೊಂಡ ಬೆಲ್ಲದ ಅಚ್ಚಿನ ಹಾಗೆ ಕಾಣುತ್ತದೆ. ದಕ್ಷಿಣದ ಅನುಕೂಲಸ್ಥರ ಬಡಾವಣೆಗಳಲ್ಲಿ ಸಾಲುಸಾಲಾಗಿ, ಉತ್ತರದಲ್ಲಿ ವಿರಳವಾಗಿ. ಊರಿನ ಯಹೂದಿಗಳನ್ನು ಒಂದೇ ಕಡೆ ಕೂಡಿಹಾಕುವ ಆಲೋಚನೆ ಜರ್ಮನ್ ಅಧಿಕಾರಿಗಳಿಗಿತ್ತು, ಅದಕ್ಕಾಗಿ ಅವರು ಕೇಳಿದ ಮಾಹಿತಿ ಇದು. ಕೊಡಲಾಗದು ಎಂದು ಹೇಳುವ, ತಡಮಾಡುವ, ಅರೆಬರೆ ಮಾಡಿ ಕೊಡುವ ದಾರಿಗಳು ಯಾವ ಸರ್ಕಾರಿ ಕಚೇರಿಗೆ ಗೊತ್ತಿಲ್ಲ? ಆದರೆ ಈ ನಕ್ಷೆಯಲ್ಲಿ ಅಂಥ ಅಡ್ಡಾದಿಡ್ಡಿ ಕೆಲಸದ ಸುಳಿವೇ ಇಲ್ಲ. ಬರೆದವರಿಗೆ ತಮ್ಮ ಕಸುಬಿನ ಬಗ್ಗೆ ಹೆಮ್ಮೆಯಿತ್ತೇನೋ ಎನ್ನುವಷ್ಟು ಚೊಕ್ಕವಾಗಿದೆ.

ಇದೇ ಊರು, ಇದೇ ವರ್ಷದ ಫೆಬ್ರವರಿ 25ರಂದು, 400ಕ್ಕೂ ಹೆಚ್ಚು ಯಹೂದಿ ಯುವಕರನ್ನು ಬೀದಿಗಳಿಂದ ಎಳೆದೊಯ್ದುದನ್ನು ಪ್ರತಿಭಟಿಸಿ ಸಾರ್ವತ್ರಿಕ ಮುಷ್ಕರ ಹೂಡಿತ್ತು. ಪಾಲಿಕೆಯ ಟ್ರಾಮ್ ನೌಕರರು ಅದರ ಮುಂಚೂಣಿಯಲ್ಲಿದ್ದರು. ಮುಷ್ಕರವನ್ನು ಬಲಪ್ರಯೋಗದಿಂದ ಮುರಿದ ಮೇಲೆ ಮೇಯರನ್ನು ತೆಗೆದುಹಾಕಿ ಜರ್ಮನರಿಗೆ ಬೇಕಾದವರನ್ನು ಕೂರಿಸಲಾಯಿತು. ಮುಷ್ಕರಕ್ಕೂ ಚುಕ್ಕಿ ನಕ್ಷೆಗೂ ನಡುವೆ ಮೂರೇ ತಿಂಗಳ ಅಂತರ. ಎರಡೂ ಒಂದೇ ಪಾಲಿಕೆಯ ನೌಕರರ ಕೆಲಸ ಎಂಬುದನ್ನು ನೆನಪಿಟ್ಟುಕೊಂಡೇ ಈ ದಾಖಲೆಗಳನ್ನು ಓದಬೇಕಾಗುತ್ತದೆ.

ಕಾರ್ಡುಗಳು ಎಂಥ ಅಪಾಯ ಎಂಬುದು ಆ ಕಾಲದ ಕೆಲವರಿಗೆ ಚೆನ್ನಾಗಿ ಅರ್ಥವಾಗಿತ್ತು. 1943ರ ಮಾರ್ಚ್ 27ರ ರಾತ್ರಿ, ಚಿತ್ರಕಾರ ಮತ್ತು ಬರಹಗಾರ ವಿಲ್ಲೆಮ್ ಅರೊಂಡಿಯಸ್, ಶಿಲ್ಪಿ ಖೆರಿಟ್ ವಾನ್ ದೆರ್ ವೇನ್ ಮತ್ತು ಸಂಗಡಿಗರು ಪೊಲೀಸ್ ಸಮವಸ್ತ್ರ ತೊಟ್ಟು ಪ್ಲಾಂಟಾಜ್ ಕೆರ್ಕ್‌ಲಾನ್ ಬೀದಿಯ ಜನಸಂಖ್ಯಾ ನೋಂದಣಿ ಕಚೇರಿಗೆ ನುಗ್ಗಿದರು. ಕಾವಲುಗಾರರನ್ನು ಕೊಲ್ಲದೆ, ನಿದ್ದೆ ಬರಿಸುವ ಚುಚ್ಚುಮದ್ದು ಕೊಟ್ಟು ಹೊರಗೆ ಸಾಗಿಸಿ, ಕಾರ್ಡುಗಳನ್ನು ರಾಶಿ ಹಾಕಿ ಬೆಂಕಿಯಿಟ್ಟರು. ಅಗ್ನಿಶಾಮಕ ದಳದವರೂ ಒಳಗೊಳಗೇ ಕೈಜೋಡಿಸಿದರು: ನಿಧಾನವಾಗಿ ಬಂದರು, ಬಂದ ಮೇಲೆ ಬೆಂಕಿಗೆ ಬೇಕಾದುದಕ್ಕಿಂತ ಹೆಚ್ಚು ನೀರು ಸುರಿದು ಉಳಿದ ಕಾಗದವನ್ನೂ ನೆನೆಸಿದರು. ಹಾಗಿದ್ದೂ ನಾಶವಾದದ್ದು ಸುಮಾರು ಶೇ 15ರಷ್ಟು ಮಾತ್ರ. ಒತ್ತಾಗಿ ಜೋಡಿಸಿದ ಕಾಗದದ ಕಟ್ಟು ಮರದ ದಿಮ್ಮಿಯಂತೆ, ಅಷ್ಟು ಸುಲಭಕ್ಕೆ ಉರಿಯುವುದಿಲ್ಲ. ಅಲ್ಲದೆ ಪ್ರತಿಗಳು ಹೇಗ್ ನಗರದಲ್ಲಿದ್ದವು. ಜುಲೈ 1ರಂದು ಅರೊಂಡಿಯಸ್ ಸೇರಿ 12 ಮಂದಿಯನ್ನು ಗುಂಡಿಟ್ಟು ಕೊಂದರು. ಹೇಗ್‌ನ ಪ್ರತಿಗಳಿದ್ದ ಕಟ್ಟಡವನ್ನು 1944ರ ಏಪ್ರಿಲ್ 11ರಂದು ಬ್ರಿಟಿಷ್ ವಿಮಾನಗಳು ಬಾಂಬು ಹಾಕಿ ಸುಟ್ಟವು, ಆ ದಾಳಿಯಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಹಲವಾರು ನೌಕರರು ಸತ್ತರು. ಅಷ್ಟು ಹೊತ್ತಿಗೆ ಆಮ್‌ಸ್ಟರ್‌ಡ್ಯಾಮಿನಿಂದ ಯಹೂದಿಗಳ ದೊಡ್ಡ ಪ್ರಮಾಣದ ಸಾಗಾಟ ಮುಗಿದುಹೋಗಿತ್ತು.

ಯುದ್ಧಕಾಲದ ಪೊಲೀಸ್ ದಿನವರದಿಗಳು ಇನ್ನೊಂದು ಬಗೆಯ ಓದು. ಸಾವಿರಾರು ಪುಟಗಳನ್ನು ಸ್ವಯಂಸೇವಕರು ಓದಿ ಹೆಸರುಗಳ ಸೂಚಿ ಮಾಡಿದ್ದಾರೆ. ಸೈಕಲ್ ಕಳವು, ಕುಡಿದವರ ಜಗಳ, ಕಿಟಕಿಯಿಂದ ಬೆಳಕು ಹೊರಬಿಟ್ಟಿದ್ದಕ್ಕೆ ದಂಡ, ಇವುಗಳ ನಡುವೆ, ಅದೇ ಪುಟದಲ್ಲಿ, ಅದೇ ವಾಕ್ಯರಚನೆಯಲ್ಲಿ, ಯಹೂದಿಗಳಿಗೆ ಕಡ್ಡಾಯವಾಗಿದ್ದ ಹಳದಿ ನಕ್ಷತ್ರವನ್ನು ಬಟ್ಟೆಯ ಮೇಲೆ ಧರಿಸದ ಯಹೂದಿಯ ಬಂಧನವೂ ಬರುತ್ತದೆ. ಇವುಗಳನ್ನು ನಾನು ಹೆಚ್ಚು ಓದಲಿಲ್ಲ. ಡಚ್ ಭಾಷೆ ಓದಲು ಬರುತ್ತದೆ, ಆದರೆ ಠಾಣೆಯ ಸಂಕ್ಷೇಪಾಕ್ಷರಗಳು ಮತ್ತು ಅವಸರದ ಬರಹ ನನ್ನ ಅಳವಿಗೆ ಮೀರಿದ್ದವು.

ಈ ಪತ್ರಾಗಾರದ ಬೆಲೆಯನ್ನು ನಿಜವಾಗಿ ತಿಳಿಯಬೇಕಾದರೆ ಯುದ್ಧ ಮುಗಿದ ನಂತರದ ಒಂದು ಕಡತಸಾಲಿನ ಕಥೆಯನ್ನು ಹೇಳಲೇಬೇಕು. ಆಮ್‌ಸ್ಟರ್‌ಡ್ಯಾಮಿನಲ್ಲಿ 1896ರಿಂದ ಒಂದು ಪದ್ಧತಿಯಿದೆ: ಪಾಲಿಕೆ ತನ್ನ ನೆಲವನ್ನು ಮಾರುವುದಿಲ್ಲ, ದೀರ್ಘಾವಧಿಯ ಬಾಡಿಗೆಗೆ ಕೊಡುತ್ತದೆ. ಮನೆ ನಿಮ್ಮದು, ನೆಲ ಪಾಲಿಕೆಯದು; ವರ್ಷ ವರ್ಷ ನೆಲಬಾಡಿಗೆ ಕಟ್ಟಬೇಕು. 1941ರ ಆಗಸ್ಟ್‌ನ ಆದೇಶದಿಂದ ಯಹೂದಿಗಳ ಮನೆ, ಜಮೀನುಗಳು ಅವರ ಕೈತಪ್ಪಿ ಜರ್ಮನರು ನಿಯಮಿಸಿದ ಆಡಳಿತಗಾರರ ವಶವಾದವು, ಅನೇಕವು ಆಕ್ರಮಣಕಾರರ ಬೆಂಬಲಿಗರಿಗೆ ಮಾರಾಟವಾದವು. ಮಾಲೀಕರು ಶಿಬಿರಗಳಲ್ಲೋ ಯಾರದೋ ಅಟ್ಟದ ಮೇಲೋ ಇದ್ದ ಆ ವರ್ಷಗಳಲ್ಲಿ ಅನೇಕ ಮನೆಗಳ ನೆಲಬಾಡಿಗೆಯನ್ನು ಯಾರೂ ಕಟ್ಟಲಿಲ್ಲ. ಯುದ್ಧ ಮುಗಿದು ಬದುಕಿ ಮರಳಿ ಬಂದ ಮಾಲೀಕನಿಗೋ, ಅವನು ಬಾರದಿದ್ದರೆ ಉಳಿದ ವಾರಸುದಾರನಿಗೋ, ಪಾಲಿಕೆ ಬಾಕಿಯ ಬಿಲ್ಲನ್ನು ಕಳಿಸಿತು. ಹೊತ್ತಿಗೆ ಸರಿಯಾಗಿ ಕಟ್ಟದೆ ಇದ್ದುದಕ್ಕೆ ದಂಡವನ್ನೂ ಸೇರಿಸಿತು.

ತಾಲ್ಲೂಕು ಕಚೇರಿಯ ನೌಕರನ ಮಗ ನಾನು. ನಿಯಮ ನಿಯಮವೇ ಎಂಬ ಮಾತನ್ನು ಕೇಳುತ್ತಲೇ ಬೆಳೆದವನು, ಅನೇಕ ಸಲ ಅದು ಬಡವನನ್ನು ಕಾಪಾಡಿದ್ದನ್ನೂ ಕಂಡವನು. ಆದ್ದರಿಂದ ಈ ಪತ್ರವ್ಯವಹಾರದ ವಿವರಗಳನ್ನು ಓದುವಾಗ ನನಗಾದ ಕಸಿವಿಸಿ ಸ್ವಲ್ಪ ಬೇರೆ ಬಗೆಯದು. ಮಾಲೀಕ ಬರೆಯುತ್ತಾನೆ: ಆ ಅವಧಿಯಲ್ಲಿ ನನ್ನನ್ನು ಸಾಗಿಸಲಾಗಿತ್ತು, ಮನೆ ನನ್ನ ವಶದಲ್ಲಿರಲಿಲ್ಲ. ಪಾಲಿಕೆ ಉತ್ತರಿಸುತ್ತದೆ: ಕರಾರಿನ ಪ್ರಕಾರ ಬಾಕಿ ಬಾಕಿಯೇ. ಅಲ್ಲಿ ಬೈಗುಳವಿಲ್ಲ, ದ್ವೇಷವಿಲ್ಲ, ಯಹೂದಿ ಎಂಬ ಪದವೂ ಇರಬೇಕಾಗಿಲ್ಲ. ಜರ್ಮನರು ಹೊರಟುಹೋಗಿದ್ದರು. ಯಾರ ಬಲವಂತವೂ ಇರಲಿಲ್ಲ. ಯುದ್ಧಕಾಲದ ಕಡತಗಳಲ್ಲಿ ‘ಮೇಲಿನ ಆದೇಶ’ ಎಂಬ ನೆಪವಾದರೂ ಇದೆ, 1947ರ ಕಡತದಲ್ಲಿ ಅದೂ ಇಲ್ಲ.

ಈ ಕಾಗದಗಳು ಹೊರಗೆ ಬಂದ ಬಗೆಯೇ ಬೇರೆ. ಹಳೆಯ ನೆಲಬಾಡಿಗೆ ಕಡತಗಳನ್ನು ಡಿಜಿಟಲ್ ರೂಪಕ್ಕೆ ತರುವ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದ ಒಬ್ಬ ವಿದ್ಯಾರ್ಥಿನಿ, ಸ್ಕ್ಯಾನ್ ಆದ ಮೇಲೆ ನಾಶವಾಗಬೇಕಿದ್ದ ಕಟ್ಟುಗಳಲ್ಲಿ ಈ ದೂರು ಪತ್ರಗಳನ್ನು ಗಮನಿಸಿ, ಅವು ಯಾವ ಬಗೆಯ ಪತ್ರಗಳೆಂದು ಅರ್ಥಮಾಡಿಕೊಂಡು, ಪಟ್ಟುಹಿಡಿದು ಮೇಲಿನವರ ಗಮನಕ್ಕೆ ತಂದಳು. ಸುಲಭಕ್ಕೆ ಯಾರೂ ಕಿವಿಗೊಡಲಿಲ್ಲ. 2013ರಲ್ಲಿ ‘ಹೆಟ್ ಪರೋಲ್’ ಪತ್ರಿಕೆ, ಅದೂ ಯುದ್ಧಕಾಲದಲ್ಲಿ ಗುಪ್ತಪತ್ರಿಕೆಯಾಗಿ ಹುಟ್ಟಿದ್ದು, ವಿಷಯವನ್ನು ಪ್ರಕಟಿಸಿದ ಮೇಲೆ ಪಾಲಿಕೆ ಎಚ್ಚೆತ್ತು, ಯುದ್ಧ ಮತ್ತು ನರಮೇಧಗಳ ಅಧ್ಯಯನ ನಡೆಸುವ ‘ನಿಯೋಡ್’ ಸಂಸ್ಥೆಗೆ ತನಿಖೆಯನ್ನು ಒಪ್ಪಿಸಿತು. ಆ ಸಂಸ್ಥೆಯ ಇತಿಹಾಸಕಾರರು ಕಡತಗಳನ್ನು ಜಾಲಾಡಿ ಪಾಲಿಕೆಯ ನಡೆ ತೀರ ಯಾಂತ್ರಿಕವೂ ನಿಷ್ಕರುಣೆಯದೂ ಆಗಿತ್ತು ಎಂಬ ತೀರ್ಮಾನಕ್ಕೆ ಬಂದರು. 2016ರಲ್ಲಿ ಪಾಲಿಕೆ ಯಹೂದಿ ಸಮುದಾಯಕ್ಕೆ 1 ಕೋಟಿ ಯೂರೋ ಕೊಡಲು ನಿರ್ಧರಿಸಿತು.

ಟ್ರಾಮ್ ಬಿಲ್ಲುಗಳ ಕಥೆಯೂ ಇದೇ ಜಾತಿಯದು. ಯಹೂದಿಗಳನ್ನು ರೈಲು ನಿಲ್ದಾಣಗಳಿಗೆ ಸಾಗಿಸಿದ್ದಕ್ಕೆ ಪಾಲಿಕೆಯ ಟ್ರಾಮ್ ಸಂಸ್ಥೆ ಜರ್ಮನರಿಗೆ ಬಿಲ್ಲು ಕಳಿಸುತ್ತಿತ್ತು, ಹಣವೂ ಸಂದಾಯವಾಗುತ್ತಿತ್ತು. 2025ರ ಏಪ್ರಿಲ್ 24ರಂದು ಮೇಯರ್ ಫೆಮ್ಕೆ ಹಾಲ್ಸೆಮಾ ಅವರು ಪಾಲಿಕೆಯ ಪರವಾಗಿ ಔಪಚಾರಿಕ ಕ್ಷಮೆ ಕೇಳಿದರು. ಅವರು ನಿಂತು ಮಾತನಾಡಿದ್ದು ಹಾಲೆಂಡ್ಸ ಸ್ಕೌಬರ್ಗ್‌ನಲ್ಲಿ, ಸಾಗಿಸುವುದಕ್ಕೆ ಮುನ್ನ ಯಹೂದಿಗಳನ್ನು ಕೂಡಿಹಾಕುತ್ತಿದ್ದ ಹಳೆಯ ರಂಗಮಂದಿರದಲ್ಲಿ. ಯಹೂದಿ ಸಮುದಾಯದ ಬದುಕಿಗಾಗಿ 2.5 ಕೋಟಿ ಯೂರೋ ನಿಧಿಯನ್ನೂ ಪಾಲಿಕೆ ಪ್ರಕಟಿಸಿತು. ಎಂಬತ್ತು ವರ್ಷ ತಡವಾಯಿತು ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಕಾಗದಗಳು ಉಳಿಯದಿದ್ದರೆ ಯಾವುದಕ್ಕೆ ಕ್ಷಮೆ ಎಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನು ಸೇವೆಯ ವಿಚಾರ. ಓದುವ ಕೋಣೆಗೆ ಪ್ರವೇಶ ಉಚಿತ. ಅಲ್ಲಿನ ಸಿಬ್ಬಂದಿ ಇಂಗ್ಲಿಷಿನಲ್ಲೂ ತಾಳ್ಮೆಯಿಂದ ಉತ್ತರಿಸುತ್ತಾರೆ. ‘ಎನ್.ಐ.’ ಎಂದರೇನು ಎಂಬ ನನ್ನ ಅರಿಯದ ಪ್ರಶ್ನೆಗೆ ಅಲ್ಲಿದ್ದ ಹಿರಿಯರೊಬ್ಬರು ಇನ್ನೂ ಎರಡು ಕಾರ್ಡುಗಳನ್ನು ಪರದೆಯ ಮೇಲೆ ತೆರೆದು, ಒಂದಕ್ಕೊಂದು ಹೋಲಿಸಿ ವಿವರಿಸಿದರು. ನೋಂದಣಿ ಕಾರ್ಡು, ಮನೆ ಕಾರ್ಡು, ಪೊಲೀಸ್ ವರದಿ ಇವುಗಳ ಹೆಸರಿನ ಸೂಚಿಯನ್ನು ಜಗತ್ತಿನ ಯಾವ ಮೂಲೆಯಿಂದಲೂ ನೋಡಬಹುದು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಯುರೋಪಿನ ಇತಿಹಾಸ ಓದುವ ವಿದ್ಯಾರ್ಥಿಗೆ ಮೂಲದಾಖಲೆಯನ್ನು ಮನೆಯಲ್ಲೇ ಕುಳಿತು ಓದುವ ಅವಕಾಶ ಇದು. ಹೋಲಿಕೆಗೆಂದು ಹೇಳುವುದಾದರೆ, ಹೆಸರು ಹೇಳಲಿಚ್ಛಿಸದ ಇನ್ನೊಂದು ಊರಿನ ಪತ್ರಾಗಾರದಲ್ಲಿ ಇಂಥದೇ ಒಂದು ಕಾರ್ಡಿಗಾಗಿ ನಾನು ಮೂರು ವಾರ ಕಾದಿದ್ದೆ. ಕೊನೆಗೆ ಬಂದ ಪ್ರತಿಯಲ್ಲಿ ಧರ್ಮದ ಕಾಲಮಿನ ಮೇಲೆ ಬಿಳಿ ಕಾಗದ ಅಂಟಿಸಿತ್ತು, ಕಾರಣ ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಆಮ್‌ಸ್ಟರ್‌ಡ್ಯಾಮಿನದು ಹಾಗಲ್ಲ. ಕಾರ್ಡು ಹೇಗಿದೆಯೋ ಹಾಗೆ, ಕಲೆ, ಕಾಟು, ಮೊಹರು ಸಮೇತ ಕಣ್ಣ ಮುಂದೆ ಬರುತ್ತದೆ.

ಬದುಕಿರುವವರ ಖಾಸಗಿತನದ ಕಾರಣಕ್ಕೆ ಎಲ್ಲವೂ ತೆರೆದಿಲ್ಲ ಎಂಬುದು ನಿಜ, ಅದು ಸರಿಯೂ ಹೌದು. ಹೇಗ್‌ನ ರಾಷ್ಟ್ರೀಯ ಪತ್ರಾಗಾರ 2025ರ ಜನವರಿಯಲ್ಲಿ, ಜರ್ಮನರೊಡನೆ ಕೈಜೋಡಿಸಿದ ಶಂಕೆಯ ಮೇಲೆ ಯುದ್ಧಾನಂತರ ತನಿಖೆಗೊಳಗಾದ ಸುಮಾರು 4,25,000 ಮಂದಿಯ ಹೆಸರುಗಳನ್ನು ಜಾಲದಲ್ಲಿ ಪ್ರಕಟಿಸಿದಾಗ ಎಷ್ಟೋ ಮನೆಗಳಲ್ಲಿ ಅಜ್ಜನ ಹೆಸರನ್ನು ಹುಡುಕುವ ಅಳುಕು ಹುಟ್ಟಿತು. ಪೂರ್ಣ ಕಡತಗಳನ್ನು ಜಾಲಕ್ಕೆ ಏರಿಸುವ ಯೋಜನೆ ಖಾಸಗಿತನದ ಆಕ್ಷೇಪಣೆಯಿಂದ ನಿಂತಿತು. ಈ ವಿಷಯದಲ್ಲಿ ನನ್ನದೊಂದು ತಕರಾರಿದೆ. ಕೊಲೆಯಾದವರ ಕಸುಬು, ಧರ್ಮ, ವಿಳಾಸ, ಮಕ್ಕಳ ಹೆಸರು ಎಲ್ಲವೂ ಹೆಸರು ಬಲ್ಲ ಯಾರಿಗಾದರೂ ಎರಡು ನಿಮಿಷದಲ್ಲಿ ಸಿಗುತ್ತವೆ. ಆ ಕಾರ್ಡನ್ನು ತಿದ್ದಿದ ಗುಮಾಸ್ತನ ಹೆಸರು ಮಾತ್ರ ಕಾರ್ಡಿನ ಮೇಲೆ ಎಲ್ಲೂ ಇಲ್ಲ. ಇದು ಪತ್ರಾಗಾರದ ತಪ್ಪಲ್ಲ, ಕಾರ್ಡಿನ ಸ್ವಭಾವವೇ ಅದು. ಬರೆಸಿಕೊಂಡವನನ್ನು ತೋರಿಸುತ್ತದೆ, ಬರೆದವನನ್ನು ತೋರಿಸುವುದಿಲ್ಲ.

ಹೋಗಬೇಕೆಂದಿರುವವರಿಗೆ ಒಂದೆರಡು ಮಾತು. ಹೆಸರಿನಿಂದ ಆರಂಭಿಸುವುದಾದರೆ ಮೊದಲು ‘ಯೋಡ್ಸ್ ಮೊನುಮೆಂಟ್’ ಎಂಬ ಜಾಲತಾಣವನ್ನು ನೋಡಿ. ನೆದರ್ಲೆಂಡ್ಸಿನಲ್ಲಿ ಬಲಿಯಾದ 1,04,000ಕ್ಕೂ ಹೆಚ್ಚು ಮಂದಿಯ ಪುಟಗಳು ಅಲ್ಲಿವೆ, ಹುಟ್ಟಿದ ದಿನಾಂಕ ಅಲ್ಲಿಂದ ಸಿಕ್ಕರೆ ಪತ್ರಾಗಾರದ ಹುಡುಕಾಟ ಹಗುರಾಗುತ್ತದೆ. ಡಚ್ ಹೆಸರುಗಳಲ್ಲಿ ‘ದ’, ‘ವಾನ್’, ‘ವಾನ್ ದೆರ್’ ಮುಂತಾದವನ್ನು ಬಿಟ್ಟು ಹುಡುಕುವುದು ಲೇಸು. ಕಟ್ಟಡದಿಂದ ಹೊರಬಿದ್ದ ಮೇಲೆ ಕಾಲು ಗಂಟೆ ನಡೆದರೆ ವೇಸ್ಪರ್‌ಸ್ಟ್ರಾಟ್‌ನಲ್ಲಿ 2021ರಲ್ಲಿ ತೆರೆದ ಹೆಸರುಗಳ ಸ್ಮಾರಕವಿದೆ; ವಾಸ್ತುಶಿಲ್ಪಿ ಡೇನಿಯಲ್ ಲಿಬೆಸ್ಕಿಂಡ್ ಅವರ ವಿನ್ಯಾಸ, ಒಂದು ಹೆಸರಿಗೆ ಒಂದು ಇಟ್ಟಿಗೆ, 1,02,000ಕ್ಕೂ ಮೀರಿದ ಇಟ್ಟಿಗೆಗಳು. ಕಾರ್ಡನ್ನು ಮೊದಲು ನೋಡಿ, ಇಟ್ಟಿಗೆಯನ್ನು ಆಮೇಲೆ ನೋಡಿ. ಇಟ್ಟಿಗೆಯ ಮೇಲಿರುವುದು ಹೆಸರು, ಹುಟ್ಟಿದ ದಿನ, ವಯಸ್ಸು ಅಷ್ಟೇ. ಆ ಮನುಷ್ಯ ಬಾಡಿಗೆ ಹೆಚ್ಚಾಯಿತೆಂದು ಮನೆ ಬದಲಿಸಿದ್ದು, ಕಸುಬು ಬಿಟ್ಟು ಕಸುಬು ಹಿಡಿದದ್ದು ಇರುವುದು ಕಾರ್ಡಿನಲ್ಲಿ.

ನಾಲ್ಕನೆಯ ಸಲ ಹೋದಾಗ ಶಿವಮೊಗ್ಗದ ಕಡೆಯ ನನ್ನ ಗೆಳೆಯನೊಬ್ಬ ಜೊತೆಗಿದ್ದ. ಊರಿನ ದಕ್ಷಿಣ ಭಾಗದ, ನದಿಗಳ ಹೆಸರಿನ ಬೀದಿಗಳಿರುವ ಬಡಾವಣೆಯಲ್ಲಿ ಅವನ ಬಾಡಿಗೆ ಮನೆ. ಸುಮ್ಮನೆ ನೋಡೋಣ ಎಂದು ಅವನ ಬೀದಿ, ಮನೆಯ ಸಂಖ್ಯೆ, ಮಹಡಿ ಕೊಟ್ಟು ‘ಮನೆ ಕಾರ್ಡು’ ತೆರೆದೆವು. 1924ರಿಂದ ಮೊದಲಾಗುವ ಈ ಸಾಲಿನ ಕಾರ್ಡುಗಳಲ್ಲಿ ಒಂದು ಮನೆಗೆ ಯಾರು ಯಾವಾಗ ಬಂದರು, ಯಾವಾಗ ಬಿಟ್ಟರು ಎಂಬುದನ್ನು ಒಂದರ ಕೆಳಗೆ ಒಂದು ಬರೆದಿರುತ್ತಾರೆ. ಆ ಪಟ್ಟಿಯ ನಡುವಿನಲ್ಲೊಂದು ಯಹೂದಿ ಹೆಸರು, ಬಿಟ್ಟ ದಿನ 1943ರ ಬೇಸಿಗೆಯದು. ಅದರ ಕೆಳಗಿನ ಸಾಲಿನಲ್ಲಿ ಅದೇ ವರ್ಷ ಬಂದ ಮುಂದಿನ ಬಾಡಿಗೆದಾರನ ಹೆಸರು, ಅದೇ ಕೈಬರಹದಲ್ಲಿ. ‘ಇವರಿಗೆ ಮಕ್ಕಳಿದ್ದರೇನೋ?’ ಎಂದು ಗೆಳೆಯ ಕೇಳಿದ. ಮನೆ ಕಾರ್ಡಿನಲ್ಲಿರುವುದು ಮನೆಯ ಮುಖ್ಯಸ್ಥನ ಹೆಸರು ಮಾತ್ರ, ಮಕ್ಕಳನ್ನು ತಿಳಿಯಬೇಕಾದರೆ ಆರ್ಕೀಫ್‌ಕಾರ್ಟ್ ತೆರೆಯಬೇಕು ಎಂದೆ. ತೆರೆದೆವು. ಇಬ್ಬರಿದ್ದರು. ಗೆಳೆಯ ಎರಡೂ ಕಾರ್ಡುಗಳನ್ನು ತನ್ನ ಫೋನಿಗೆ ಇಳಿಸಿಕೊಂಡ. ಕೆಳಗಿನ ಮಹಡಿಯಲ್ಲೇ ಇರುವ, ಆ ಮನೆಯಲ್ಲೇ ಹುಟ್ಟಿ ಬೆಳೆದ ಮನೆಯೊಡತಿ ಅಜ್ಜಿಗೆ ಅವನ್ನು ತೋರಿಸಬೇಕೋ ಬೇಡವೋ ಎಂಬುದನ್ನು ಅವನು ಇನ್ನೂ ನಿರ್ಧರಿಸಿಲ್ಲ.